ಯಜಮಾನರು ಬದಲಾದರು, ಕಡತ ಉಳಿಯಿತು

ಲಿನಕ್ಸ್‌ನಲ್ಲಿ ಆಫೀಸ್ ತಂತ್ರಾಂಶವನ್ನು ಕೈಯಾರೆ ಹಾಕಿಕೊಳ್ಳುವವರು ಈಗ ಕಡಿಮೆ. ಆ ಕಡಿಮೆ ಜನರಲ್ಲಿ ನಾನೂ ಒಬ್ಬ :) ಡೆಬಿಯನ್‌ನಂಥ ವಿತರಣೆಗಳು ಒಂದು ಆವೃತ್ತಿಯನ್ನು ಹಿಡಿದರೆ ತಮ್ಮ ಮುಂದಿನ ಬಿಡುಗಡೆಯ ತನಕ ಅದನ್ನೇ ತೇಪೆ ಹಾಕಿ ನಡೆಸುತ್ತವೆ. ಹೊಸದು ಬೇಕೆಂದರೆ ಲಿಬ್ರೆಆಫೀಸ್ ತಾಣದಿಂದ ಇಳಿಸಿಕೊಂಡು, ಗಂಟು ಬಿಚ್ಚಿ, ಟರ್ಮಿನಲ್‌ನಲ್ಲಿ ಒಂದು ಸಾಲು ಆದೇಶ ಕೊಟ್ಟರಾಯಿತು. ಅದು 'ಆಪ್ಟ್' ಎಂಬ ಫೋಲ್ಡರಿನಲ್ಲಿ, ಹೆಸರಿನ ಬಾಲಕ್ಕೆ ಆವೃತ್ತಿ ಸಂಖ್ಯೆ ಅಂಟಿಸಿಕೊಂಡು ಕೂರುತ್ತದೆ. ಒಂದು ಕಾಲದಲ್ಲಿ ಆ ಹೆಸರು ಓಪನ್‌ಆಫೀಸ್.ಆರ್ಗ್ ಎಂದಿರುತ್ತಿತ್ತು, ಈಗ ಲಿಬ್ರೆಆಫೀಸ್. ಯಾಕೆ ಬದಲಾಯಿತು? ಆ ಕತೆ ಕನ್ನಡದಲ್ಲಿ ಬರೆಯೋ ನಮಗೂ ಸಂಬಂಧಪಟ್ಟದ್ದು ಅಂತ ನನಗನ್ನಿಸುತ್ತೆ.

1980ರ ದಶಕದ ಮಧ್ಯದಲ್ಲಿ ಜರ್ಮನಿಯ ಮಾರ್ಕೊ ಬೋರಿಸ್ ಎಂಬ ಹುಡುಗ, ಇನ್ನೂ ಹದಿಹರೆಯದಲ್ಲೇ, ಸ್ಟಾರ್ ಡಿವಿಷನ್ ಎಂಬ ಕಂಪನಿ ಕಟ್ಟಿದ. ಸ್ಟಾರ್‌ರೈಟರ್ ಅದರ ಮೊದಲ ಬೆಳೆ, ಅದೇ ಮುಂದೆ ಸ್ಟಾರ್‌ಆಫೀಸ್ ಆಯಿತು. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಈ ಕಂಪನಿಯನ್ನೇ ಕೊಂಡುಕೊಂಡಿತು. ಮರುವರ್ಷ, 2000ದ ಅಕ್ಟೋಬರ್ 13ರಂದು, ಅದರ ಮೂಲ ಸಂಕೇತವನ್ನು ಲೋಕಕ್ಕೆಲ್ಲ ಬಿಚ್ಚಿಟ್ಟಿತು. ಓಪನ್‌ಆಫೀಸ್ ಎಂಬ ಹೆಸರು ಬೇರೆಯವರ ಸೊತ್ತಾಗಿದ್ದರಿಂದ '.ಆರ್ಗ್' ಎಂಬ ಬಾಲ ಸೇರಿಕೊಂಡಿತು. 1.0 ಆವೃತ್ತಿ ಬಂದದ್ದು 2002ರಲ್ಲಿ.

ಆಗ ಇದನ್ನು ಹಾಕಿಕೊಳ್ಳೋದು ಒಂದು ಸಾಹಸವೇ. 56 ಕೆಬಿಪಿಎಸ್ ಡಯಲಪ್‌ನಲ್ಲಿ 100 ಎಂಬಿ ಇಳಿಸಲು, ಲೈನ್ ಒಮ್ಮೆಯೂ ಕಡಿಯದಿದ್ದರೆ, ಸುಮಾರು 4 ಗಂಟೆ ಬೇಕು! ಹಾಗಾಗಿ 2003ರಲ್ಲಿ ಶುರುವಾದ 'ಲಿನಕ್ಸ್ ಫಾರ್ ಯೂ'ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಸೀಡಿಗಳೇ ನಮ್ಮ ದೇಶದ ಎಷ್ಟೋ ಜನರಿಗೆ ಗತಿ. 1.0ನಲ್ಲಿ ಒಂದೇ ಗಣಕವನ್ನು ಹಲವರು ಬಳಸೋದಾದರೆ ಮೊದಲು ರೂಟ್ ಆಗಿ ಒಮ್ಮೆ, ಆಮೇಲೆ ಪ್ರತಿಯೊಬ್ಬರೂ ತಮ್ಮ ಹೆಸರಲ್ಲಿ ಇನ್ನೊಮ್ಮೆ ಸೆಟಪ್ ಓಡಿಸಬೇಕಿತ್ತು. 2005ರ 2.0 ಲಿನಕ್ಸ್‌ಗೆ ಬಂದದ್ದು ಆರ್‌ಪಿಎಂ ರೂಪದಲ್ಲಿ. ಡೆಬಿಯನ್, ಉಬುಂಟು ಬಳಗದವರು 'ಏಲಿಯನ್' ಎಂಬ ಸಾಧನದಿಂದ ಅದನ್ನು ಡೆಬ್‌ಗೆ ಪರಿವರ್ತಿಸಿಕೊಳ್ಳಬೇಕಾಗಿತ್ತು.

ಇಲ್ಲೊಂದು ಸ್ವಾರಸ್ಯ ಇದೆ ನೋಡಿ. ಸನ್‌ಗೆ ಯಾರಾದರೂ ತಿದ್ದುಪಡಿ ಬರೆದುಕೊಟ್ಟರೆ ಅದರ ಹಕ್ಕಿನಲ್ಲೂ ಸನ್‌ಗೆ ಪಾಲು ಬರೆದುಕೊಡಬೇಕಿತ್ತು. ಇದು ಹಲವರಿಗೆ ಹಿಡಿಸಲಿಲ್ಲ. ನೋವೆಲ್ ಕಂಪನಿಯ ಮೈಕೆಲ್ ಮೀಕ್ಸ್ ಮತ್ತು ಜೊತೆಗಾರರು ಗೋ-ಊ ಎಂಬ ಹೆಸರಲ್ಲಿ ಬೇರೆಯೇ ತೇಪೆಗಳ ಗುಚ್ಛ ಇಟ್ಟುಕೊಂಡಿದ್ದರು. ಎಷ್ಟೋ ಲಿನಕ್ಸ್ ವಿತರಣೆಗಳು ಓಪನ್‌ಆಫೀಸ್ ಅಂತ ಕೊಡುತ್ತಿದ್ದುದು ಈ ತೇಪೆ ಹಾಕಿದ್ದನ್ನೇ. ಅಂದರೆ ತಾಣದಿಂದ ಕೈಯಾರೆ ಹಾಕಿದ್ದಕ್ಕೂ ವಿತರಣೆಯ ಜೊತೆ ಬಂದದ್ದಕ್ಕೂ ಹೆಸರು ಒಂದೇ, ಒಳಗಿನ ಹೂರಣ ಬೇರೆ!

2010ರ ಜನವರಿಯಲ್ಲಿ ಒರೇಕಲ್ ಸನ್ ಅನ್ನೇ ನುಂಗಿತು. ಅದೇ ವರ್ಷ ಸೆಪ್ಟೆಂಬರ್ 28ರಂದು ಸಮುದಾಯದ ಜನ ಹೊರಬಂದು 'ಡಾಕ್ಯುಮೆಂಟ್ ಫೌಂಡೇಶನ್' ಘೋಷಿಸಿದರು. ಹಳೆಯ ಹೆಸರು ಒರೇಕಲ್ ಬಳಿ ಉಳಿಯಿತು, ಸಂಕೇತ ಇವರ ಜೊತೆ ಬಂತು. ಗೋ-ಊ ಕೂಡ ಇದರಲ್ಲೇ ಲೀನವಾಯಿತು. 2011ರ ಜನವರಿಯಲ್ಲಿ ಲಿಬ್ರೆಆಫೀಸ್ 3.3 ಬಂತು, ಏಪ್ರಿಲ್‌ನ ಉಬುಂಟು 11.04 ಅದನ್ನೇ ಒಪ್ಪಿಕೊಂಡಿತು. ಜೂನ್‌ನಲ್ಲಿ ಒರೇಕಲ್ ಹಳೆಯದನ್ನು ಅಪಾಚೆಗೆ ದಾನ ಮಾಡಿತು.

ಇಷ್ಟೆಲ್ಲ ಆದರೂ ಬಳಸುವವರ ಕಡತಗಳಿಗೆ ಏನೂ ಆಗಲಿಲ್ಲ. ಯಾಕೆಂದರೆ ಸಂಕೇತ ಮುಕ್ತವಾಗಿತ್ತು. ಕಡತದ ರೂಪ ಓಡಿಎಫ್ ಕೂಡ 2005ರಲ್ಲೇ ಓಯಸಿಸ್ ಮಾನಕವಾಗಿ, 2006ರಲ್ಲಿ ಐಎಸ್‌ಒ ಮಾನಕವೂ ಆಗಿತ್ತು. ಒಂದು ಓಡಿಟಿ ಕಡತವನ್ನು ಜಿಪ್ ಬಿಚ್ಚುವ ಹಾಗೆ ಬಿಚ್ಚಿ ನೋಡಿ. ಒಳಗೆ 'ಕಂಟೆಂಟ್' ಎಂಬ ಎಕ್ಸ್‌ಎಂಎಲ್ ಕಡತ ಇರುತ್ತದೆ. ನೀವು ಯೂನಿಕೋಡ್‌ನಲ್ಲಿ ಬರೆದ ಕನ್ನಡ ಅಲ್ಲಿ ಹಾಗ್ಹಾಗೇ ಇರುತ್ತದೆ, ಯಾವ ಆಫೀಸ್ ತಂತ್ರಾಂಶವೂ ಇಲ್ಲದೆ ಓದಬಹುದು!

ಆದರೆ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದಾಗಿದ್ದರೆ? ಒಳಗಿರೋದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾಂಟ್ ಹೋದರೆ ಕನ್ನಡವೂ ಹೋದಂತೆ. ಮುಕ್ತ ಕಡತಕ್ಕೆ ಮುಕ್ತ ಲಿಪಿ ಸಂಕೇತವೂ ಜೊತೆಗಿರಬೇಕು, ಒಂದಿದ್ದರೆ ಸಾಲದು.

ಕೈಯಾರೆ ನವೀಕರಿಸಿಕೊಳ್ಳೋದರಲ್ಲಿ ನಮಗೊಂದು ಲಾಭವೂ ಇದೆ. 2017ರ 5.3 ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ಒಂದೇ ಎಂಜಿನ್ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಮಾಡುತ್ತಿದೆ. ಒತ್ತಕ್ಷರ ಇಲ್ಲೊಂದು ರೀತಿ, ಅಲ್ಲೊಂದು ರೀತಿ ಕೂರುವ ಕಾಟಕ್ಕೆ ಅದು ಒಳ್ಳೆಯ ಮದ್ದು.

ಕಂಪನಿಗಳು ಹುಟ್ಟುತ್ತವೆ, ಮಾರಾಟವಾಗುತ್ತವೆ. ನಾವು ಬರೆದದ್ದು ಅವುಗಳ ಜೊತೆ ಸಹಗಮನ ಮಾಡಬೇಕಾಗಿಲ್ಲ. ನಿಮ್ಮ ಹಳೆಯ ಸೀಡಿಗಳಲ್ಲಿ ಆಸ್ಕಿ ಕನ್ನಡದ ಕಡತಗಳಿದ್ದರೆ, ಓದೋಕೆ ಆಗುವಾಗಲೇ ಯೂನಿಕೋಡ್‌ಗೆ ಬದಲಾಯಿಸಿಟ್ಟುಬಿಡಿ. ಏನಂತೀರಿ?