ಅಂಗವಿಕಲರ ವಿಮಾ ಯೋಜನೆ: ಆಸ್ಟ್ರೇಲಿಯಾದ ಪ್ರದೇಶಗಳು ಸಜ್ಜುಗೊಂಡ ಬಗೆ

ಅಂಗವಿಕಲರ ನೆರವಿಗೆ ಕಾಯ್ದೆ ರೂಪಿಸಿ ಹಣ ಒದಗಿಸುವುದು ಒಂದು ಕೆಲಸ. ಆ ಹಣಕ್ಕೆ ಪ್ರತಿಯಾಗಿ ಊರಿನಲ್ಲಿ ಸೇವೆ ದೊರೆಯುವಂತೆ ಮಾಡುವುದು ಮತ್ತೊಂದು. ಆಸ್ಟ್ರೇಲಿಯಾದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯ (ಎನ್‌ಡಿಐಎಸ್) ಅನುಭವವನ್ನು ಗಮನಿಸಿದರೆ ಎರಡನೆಯ ಕೆಲಸವೇ ಹೆಚ್ಚು ಕಠಿಣವೆಂಬುದು ಸ್ಪಷ್ಟವಾಗುತ್ತದೆ. 2013ರಲ್ಲಿ ಕೆಲವೇ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಯೋಜನೆ 2020ರ ಹೊತ್ತಿಗೆ ಇಡೀ ದೇಶವನ್ನು ವ್ಯಾಪಿಸಿತು. ಇಂದು ಇದರ ಫಲಾನುಭವಿಗಳ ಸಂಖ್ಯೆ ಏಳು ಲಕ್ಷವನ್ನು ಮೀರಿದೆ.

ಹಿನ್ನೆಲೆ

ಯೋಜನೆಗೆ ಮುನ್ನ ಅಲ್ಲಿನ ಪ್ರತಿಯೊಂದು ರಾಜ್ಯವೂ ತನ್ನದೇ ಆದ ವ್ಯವಸ್ಥೆಯನ್ನು ಹೊಂದಿತ್ತು. ಒಬ್ಬ ವ್ಯಕ್ತಿಗೆ ಸಿಗುವ ನೆರವು ಆತ ಯಾವ ರಾಜ್ಯದಲ್ಲಿ ವಾಸಿಸುತ್ತಾನೆ, ಅಂಗವೈಕಲ್ಯ ಹುಟ್ಟಿನಿಂದ ಬಂದುದೋ ಅಪಘಾತದಿಂದ ಉಂಟಾದುದೋ ಎಂಬುದನ್ನು ಅವಲಂಬಿಸಿತ್ತು. ಗಾಲಿಕುರ್ಚಿಗಾಗಿ ದೀರ್ಘಕಾಲ ಕಾಯುವವರಿದ್ದರು. ಈ ವ್ಯವಸ್ಥೆಯನ್ನು ಪರಿಶೀಲಿಸಿದ ಉತ್ಪಾದಕತಾ ಆಯೋಗ, ರಾಷ್ಟ್ರಮಟ್ಟದ ಒಂದೇ ಯೋಜನೆ ಅಗತ್ಯವೆಂದು 2011ರಲ್ಲಿ ಶಿಫಾರಸು ಮಾಡಿತು. ಜೂಲಿಯಾ ಗಿಲಾರ್ಡ್ ಪ್ರಧಾನಿಯಾಗಿದ್ದಾಗ, 2013ರ ಮಾರ್ಚ್‌ನಲ್ಲಿ, ಸಂಸತ್ತು ಕಾಯ್ದೆಯನ್ನು ಅಂಗೀಕರಿಸಿತು. ವೆಚ್ಚದ ಒಂದು ಭಾಗವನ್ನು ಭರಿಸಲು, ಆದಾಯದ ಮೇಲೆ ವಿಧಿಸುವ ಮೆಡಿಕೇರ್ ಕರವನ್ನು 2014ರ ಜುಲೈನಿಂದ ಶೇ. 1.5ರಿಂದ ಶೇ. 2ಕ್ಕೆ ಏರಿಸಲಾಯಿತು.

ಹಣದ ದಾರಿ ಬದಲಾಯಿತು

ಹಿಂದೆ ಸರ್ಕಾರ ಸೇವಾ ಸಂಸ್ಥೆಗಳಿಗೆ ಇಡಿಗಂಟಿನ ಅನುದಾನ ನೀಡುತ್ತಿತ್ತು. ಸಂಸ್ಥೆ ಕೊಟ್ಟುದನ್ನು ಅಂಗವಿಕಲರು ಪಡೆಯುತ್ತಿದ್ದರು. ಹೊಸ ಯೋಜನೆಯಲ್ಲಿ ಅನುದಾನ ವ್ಯಕ್ತಿಯ ಹೆಸರಿಗೆ ಮಂಜೂರಾಗುತ್ತದೆ. ವಾರಕ್ಕೆ ಎಷ್ಟು ಗಂಟೆ ಸಹಾಯಕರು ಬೇಕು, ಮಗುವಿಗೆ ಮಾತಿನ ಚಿಕಿತ್ಸೆ ಬೇಕೇ, ಸ್ನಾನಗೃಹವನ್ನು ಮಾರ್ಪಡಿಸಬೇಕೇ ಎಂಬುದನ್ನೆಲ್ಲ ಪರಿಶೀಲಿಸಿ ‘ಸಮಂಜಸ ಹಾಗೂ ಅಗತ್ಯ’ ನೆರವನ್ನು ನಿಗದಿಪಡಿಸಲಾಗುತ್ತದೆ. ಯಾರಿಂದ ಸೇವೆ ಪಡೆಯಬೇಕೆಂಬ ಆಯ್ಕೆ ಫಲಾನುಭವಿಯದು. ಊಟ, ಮನೆಬಾಡಿಗೆಯಂತಹ ನಿತ್ಯದ ಖರ್ಚು ಇದರಲ್ಲಿ ಸೇರದು. ಅಂಗವಿಕಲರ ಪಿಂಚಣಿ ಬೇರೆಯೇ ಇದೆ.

ಈ ಬದಲಾವಣೆಯಿಂದಾಗಿ ಎಲ್ಲರೂ ಹೊಸದನ್ನು ಕಲಿಯಬೇಕಾಯಿತು. ಮುಂಗಡ ಅನುದಾನಕ್ಕೆ ಒಗ್ಗಿದ್ದ ಸಣ್ಣ ಸಂಸ್ಥೆಗಳು, ಸೇವೆ ನೀಡಿದ ಬಳಿಕ ಬಿಲ್ಲು ಸಲ್ಲಿಸಿ ಹಣ ಪಡೆಯುವ ಕ್ರಮಕ್ಕೆ ಹೊಂದಿಕೊಳ್ಳಬೇಕಾಯಿತು. ಕೊಟ್ಟುದನ್ನು ಪಡೆದು ರೂಢಿಯಾಗಿದ್ದ ಕುಟುಂಬಗಳು ತಮಗೆ ಬೇಕಾದುದನ್ನು ಪಟ್ಟಿ ಮಾಡಿ, ವೈದ್ಯಕೀಯ ವರದಿಗಳನ್ನು ಹೊಂದಿಸಿ, ಅಧಿಕಾರಿಯ ಮುಂದೆ ವಿವರಿಸಬೇಕಾಯಿತು. ಆದಕಾರಣ ಅಂಗವಿಕಲರ ಸಂಘಟನೆಗಳು ಅನೇಕ ಕಡೆ ಪೂರ್ವಸಿದ್ಧತಾ ಶಿಬಿರಗಳನ್ನು ಏರ್ಪಡಿಸಿದವು.

ಮೊದಲ ಪ್ರದೇಶಗಳು

2013ರ ಜುಲೈ 1ರಂದು ಯೋಜನೆ ನಾಲ್ಕು ಕಡೆ ಆರಂಭವಾಯಿತು. ನ್ಯೂ ಸೌತ್ ವೇಲ್ಸ್‌ನ ಹಂಟರ್ ಮತ್ತು ವಿಕ್ಟೋರಿಯಾದ ಬಾರ್ವನ್ ಪ್ರದೇಶಗಳನ್ನು ಆಯ್ದುಕೊಳ್ಳಲಾಯಿತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಚಿಕ್ಕ ಮಕ್ಕಳಿಗೆ, ಟಾಸ್ಮೇನಿಯಾದಲ್ಲಿ 15ರಿಂದ 24 ವರ್ಷದವರಿಗೆ ಅವಕಾಶ ದೊರೆಯಿತು. ಹಂಟರ್‌ನಲ್ಲಿ ಮೊದಲ ವರ್ಷ ನ್ಯೂಕ್ಯಾಸಲ್, ಮರುವರ್ಷ ಲೇಕ್ ಮಕ್ವಾರಿ, ಮೂರನೆಯ ವರ್ಷ ಮೇಟ್‌ಲ್ಯಾಂಡ್ ಎಂಬ ಕ್ರಮದಲ್ಲಿ ಯೋಜನೆ ವಿಸ್ತರಿಸಿತು. ಬಾರ್ವನ್‌ನ ಮುಖ್ಯ ನಗರ ಜೀಲಾಂಗ್‌ನಲ್ಲಿ ಯೋಜನೆಯ ರಾಷ್ಟ್ರೀಯ ಕೇಂದ್ರ ಕಚೇರಿ ನೆಲೆಗೊಂಡಿತು. ಫೋರ್ಡ್ ಕಾರು ಕಾರ್ಖಾನೆಯನ್ನು 2016ರಲ್ಲಿ ಕಳೆದುಕೊಂಡ ಆ ನಗರಕ್ಕೆ ಇದು ಉದ್ಯೋಗದ ಆಸರೆಯೂ ಆಯಿತು.

ಬಾರ್ಕ್ಲಿಯ ಪಾಠ

2014ರ ಜುಲೈನಲ್ಲಿ ಉತ್ತರ ಪ್ರಾಂತದ ಬಾರ್ಕ್ಲಿ ಪ್ರದೇಶದ ಸರದಿ ಬಂತು. ವಿಸ್ತೀರ್ಣದಲ್ಲಿ ಇದು ಇಡೀ ಕರ್ನಾಟಕಕ್ಕಿಂತ ದೊಡ್ಡದು; ಜನಸಂಖ್ಯೆ ಮಾತ್ರ ಹತ್ತು ಸಾವಿರವನ್ನೂ ಮುಟ್ಟದು. ನಿವಾಸಿಗಳಲ್ಲಿ ಹೆಚ್ಚಿನವರು ಮೂಲನಿವಾಸಿಗಳು. ಮುಖ್ಯ ಪಟ್ಟಣ ಟೆನೆಂಟ್ ಕ್ರೀಕ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಸುಮಾರು 500 ಕಿ.ಮೀ., ಡಾರ್ವಿನ್‌ಗೆ ಸುಮಾರು 1,000 ಕಿ.ಮೀ. ದೂರವಿದೆ.

ಇಂತಹ ಕಡೆ ಒಬ್ಬ ವ್ಯಕ್ತಿಗೆ ಅನುದಾನ ಮಂಜೂರಾದರೂ, ಅದರಿಂದ ಸೇವೆ ಪಡೆಯಲು ಚಿಕಿತ್ಸಕರೇ ಹತ್ತಿರದಲ್ಲಿರುವುದಿಲ್ಲ. ಹೀಗೆ ಬಳಕೆಯಾಗದ ಅನುದಾನ ಕಾಗದದ ಮೇಲಷ್ಟೇ ಉಳಿಯುತ್ತದೆ. ‘ಅಂಗವೈಕಲ್ಯ’ ಎಂಬುದಕ್ಕೆ ಸಮನಾದ ಪದವೇ ಹಲವು ಮೂಲನಿವಾಸಿ ಭಾಷೆಗಳಲ್ಲಿಲ್ಲ. ಅರ್ಜಿ ನಮೂನೆಯನ್ನು ಅನುವಾದಿಸಿದ ಮಾತ್ರಕ್ಕೆ ವಿಷಯ ತಲುಪುವುದಿಲ್ಲ. ಸ್ಥಳೀಯರನ್ನೇ ತರಬೇತುಗೊಳಿಸಿ ಕೆಲಸಕ್ಕೆ ನೇಮಿಸುವುದು, ಸಮುದಾಯದ ಆರೋಗ್ಯ ಸಂಸ್ಥೆಗಳ ಮೂಲಕ ಸೇವೆ ನೀಡುವುದು ಮುಂತಾದ ಕ್ರಮಗಳು ಇಲ್ಲಿ ಅನಿವಾರ್ಯ. ಸೇವಾದಾರರ ನಡುವಣ ಪೈಪೋಟಿಯನ್ನು ನಂಬಿದ ವ್ಯವಸ್ಥೆ, ಸೇವಾದಾರರೇ ಇಲ್ಲದ ಊರಿನಲ್ಲಿ ನಡೆಯದು.

ಅವಸರದ ಬೆಲೆ

ಪ್ರಯೋಗವನ್ನು 2014ರಲ್ಲಿ ಆರಂಭಿಸಬಹುದೆಂದು ಆಯೋಗ ಹೇಳಿತ್ತು. ಸರ್ಕಾರ ಅದನ್ನು ಒಂದು ವರ್ಷ ಮುಂಚಿತಗೊಳಿಸಿತು. ಪರಿಣಾಮವಾಗಿ, ಸಿಬ್ಬಂದಿ, ಗಣಕ ವ್ಯವಸ್ಥೆ, ನಿಯಮಾವಳಿಗಳು ಪೂರ್ಣ ಸಿದ್ಧವಾಗುವ ಮೊದಲೇ ಕಚೇರಿಗಳು ತೆರೆದವು. ಕಟ್ಟಿ ಮುಗಿಯದ ವಿಮಾನ ಆಗಲೇ ಮೇಲೇರಿದಂತಾಗಿದೆ ಎಂದು 2014ರ ಪರಿಶೀಲನಾ ವರದಿಯೊಂದು ವಿಶ್ಲೇಷಿಸಿತ್ತು. ದೇಶವ್ಯಾಪಿ ವಿಸ್ತರಣೆ ಆರಂಭವಾದ 2016ರ ಜುಲೈನಲ್ಲಿ ಹೊಸ ಗಣಕ ವ್ಯವಸ್ಥೆ ಕೈಕೊಟ್ಟು ಅನೇಕ ಸಂಸ್ಥೆಗಳಿಗೆ ಪಾವತಿ ಸ್ಥಗಿತಗೊಂಡಿತು. ಮೀಸಲು ಹಣವಿಲ್ಲದ ಸಣ್ಣ ಸಂಸ್ಥೆಗಳಿಗೆ ಇದರ ಬಿಸಿ ಹೆಚ್ಚಾಗಿ ತಟ್ಟಿತು.

ಮುಚ್ಚಿದ ಹಳೆಯ ಬಾಗಿಲು

ಎನ್‌ಡಿಐಎಸ್ ಎಲ್ಲ ಅಂಗವಿಕಲರಿಗಾಗಿ ರೂಪುಗೊಂಡುದಲ್ಲ. ಶಾಶ್ವತ ಹಾಗೂ ತೀವ್ರ ಸ್ವರೂಪದ ಅಂಗವೈಕಲ್ಯವುಳ್ಳವರಿಗೆ ಮಾತ್ರ ಅನುದಾನ. 2022ರ ಗಣನೆಯಂತೆ ಆಸ್ಟ್ರೇಲಿಯಾದಲ್ಲಿ ಸುಮಾರು 55 ಲಕ್ಷ ಅಂಗವಿಕಲರಿದ್ದಾರೆ. ಉಳಿದವರಿಗೆ ಸಾಮಾನ್ಯ ಸೇವೆಗಳ ಮೂಲಕ ನೆರವು ದೊರೆಯಬೇಕಿತ್ತು. ಆದರೆ ಯೋಜನೆ ಬಂದಂತೆ ರಾಜ್ಯಗಳು ತಮ್ಮ ಹಳೆಯ ಸೇವೆಗಳಿಂದ ಹಿಂದೆ ಸರಿದವು. ಯೋಜನೆಯ ಒಳಗಿದ್ದವರಿಗೆ ನೆರವು, ಹೊರಗುಳಿದವರಿಗೆ ಬರಿಗೈ ಎಂಬ ಸ್ಥಿತಿ ಉಂಟಾಗಿ, ಹೇಗಾದರೂ ಒಳಸೇರುವುದು ಕುಟುಂಬಗಳಿಗೆ ಅನಿವಾರ್ಯವಾಯಿತು. ವೆಚ್ಚ ಏರಲು ಇದೂ ಒಂದು ಕಾರಣ. 2023-24ರಲ್ಲಿ ಯೋಜನೆಗೆ 4,000 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಖರ್ಚಾಯಿತು.

ಬ್ರೂಸ್ ಬೊನಿಹೇಡಿ ಮತ್ತು ಲಿಸಾ ಪಾಲ್ ನೇತೃತ್ವದ ಪುನರ್‌ಪರಿಶೀಲನಾ ಸಮಿತಿ 2023ರ ಡಿಸೆಂಬರ್‌ನಲ್ಲಿ 26 ಶಿಫಾರಸುಗಳನ್ನು ನೀಡಿತು. ಯೋಜನೆಯ ಹೊರಗಿರುವವರಿಗೂ ತಲುಪುವ ಮೂಲಭೂತ ನೆರವಿನ ವ್ಯವಸ್ಥೆಯನ್ನು ಕೇಂದ್ರ ಮತ್ತು ರಾಜ್ಯಗಳು ಕೂಡಿ ಕಟ್ಟಬೇಕೆಂಬುದು ಅದರಲ್ಲಿ ಮುಖ್ಯವಾದುದು. 2024ರಲ್ಲಿ ಕಾಯ್ದೆಗೆ ತಿದ್ದುಪಡಿಯನ್ನೂ ತರಲಾಯಿತು.

ಅಲ್ಲಿನ ಕನ್ನಡಿಗರಿಗೆ

ಮೆಲ್ಬರ್ನ್, ಸಿಡ್ನಿ ಮುಂತಾದೆಡೆ ನೆಲೆಸಿರುವ ಕನ್ನಡಿಗ ಕುಟುಂಬಗಳು ಎರಡು ನಿಯಮಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಪೌರತ್ವ ಅಥವಾ ಕಾಯಂ ವಾಸದ ಅನುಮತಿ ಇರಬೇಕು. ವಿದ್ಯಾರ್ಥಿ ಅಥವಾ ತಾತ್ಕಾಲಿಕ ಉದ್ಯೋಗದ ವೀಸಾ ಹೊಂದಿದ ಭಾರತೀಯರಿಗೆ ಇದು ಅನ್ವಯಿಸದು. ಎರಡನೆಯದಾಗಿ, 65 ವರ್ಷ ತುಂಬುವ ಮೊದಲೇ ಅರ್ಜಿ ಸಲ್ಲಿಸಿರಬೇಕು. ಹಾಗಾಗಿ ಊರಿನಿಂದ ಮಕ್ಕಳ ಮನೆಗೆ ಹೋಗುವ ವೃದ್ಧ ತಂದೆತಾಯಿಯರು ಸಾಮಾನ್ಯವಾಗಿ ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. ಅವರ ಆರೈಕೆಗೆ ಕುಟುಂಬವೇ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಒಳಿತು.