ಮಕ್ಕಳ ವೈದ್ಯಕೀಯ ಸಂಶೋಧನಾ ಅನುದಾನಗಳ ತಜ್ಞ ಪರಿಶೀಲನೆ

ಮಕ್ಕಳ ವೈದ್ಯಕೀಯ ಸಂಶೋಧನಾ ಅನುದಾನಗಳ ತಜ್ಞ ಪರಿಶೀಲನೆ ಎಂಬುದು ಶಿಶುಗಳು, ಮಕ್ಕಳು ಹಾಗೂ ಹದಿಹರೆಯದವರ ಆರೋಗ್ಯ ಕುರಿತ ಸಂಶೋಧನೆಗೆ ಹಣ ಕೋರಿ ಬರುವ ಅರ್ಜಿಗಳನ್ನು ಅದೇ ಕ್ಷೇತ್ರದ ವಿಜ್ಞಾನಿಗಳು ಮತ್ತು ವೈದ್ಯರು ಸಮಿತಿಯಾಗಿ ಓದಿ, ಚರ್ಚಿಸಿ, ಅಂಕ ನೀಡುವ ಕ್ರಮವಾಗಿದೆ. ಈ ಲೇಖನವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು (ಎನ್‌ಐಎಚ್) ಅನುಸರಿಸುವ ಪದ್ಧತಿಯನ್ನು ವಿವರಿಸುತ್ತದೆ. ಎನ್‌ಐಎಚ್‌ನ 27 ಘಟಕಗಳಲ್ಲಿ ಮಕ್ಕಳ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ್ದು ಯೂನಿಸ್ ಕೆನಡಿ ಶ್ರೈವರ್ ರಾಷ್ಟ್ರೀಯ ಮಕ್ಕಳ ಆರೋಗ್ಯ ಮತ್ತು ಮಾನವ ವಿಕಾಸ ಸಂಸ್ಥೆ (ಎನ್‌ಐಸಿಎಚ್‌ಡಿ). ಇದು 1962ರಲ್ಲಿ ಸ್ಥಾಪನೆಯಾಯಿತು.

ಇತರ ವೈದ್ಯಕೀಯ ಸಂಶೋಧನೆಯ ಪರಿಶೀಲನೆಗಿಂತ ಇದು ಭಿನ್ನವಾಗುವುದಕ್ಕೆ ಒಂದು ಕಾರಣವಿದೆ. ಮಗು ತನ್ನ ಪರವಾಗಿ ಕಾನೂನುಬದ್ಧ ಒಪ್ಪಿಗೆ ನೀಡಲಾರದು. ಆದುದರಿಂದ ಅದನ್ನು ಅಪಾಯದಿಂದ ಕಾಪಾಡಬೇಕು. ಹಾಗೆಂದು ಮಕ್ಕಳನ್ನು ಸಂಶೋಧನೆಯಿಂದ ಪೂರ್ತಿ ದೂರವಿಟ್ಟರೆ, ಅವರ ಮೇಲೆ ಪರೀಕ್ಷೆಯಾಗದ ಔಷಧಗಳನ್ನೇ ವೈದ್ಯರು ಅಂದಾಜಿನ ಪ್ರಮಾಣದಲ್ಲಿ ಕೊಡಬೇಕಾಗುತ್ತದೆ. ಪರಿಶೀಲನಾ ಸಮಿತಿಯು ಈ ಎರಡನ್ನೂ ಒಟ್ಟಿಗೆ ತೂಗಬೇಕು.

ಹಿನ್ನೆಲೆ

ಸಂಶೋಧನಾ ಅನುದಾನಗಳಿಗೆ ಹೊರಗಿನ ತಜ್ಞರ ಸಲಹೆ ಪಡೆಯುವ ಕ್ರಮ ಅಮೆರಿಕದಲ್ಲಿ 1937ರ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಕಾಯ್ದೆಯಷ್ಟು ಹಳೆಯದು. ಎರಡನೇ ಮಹಾಯುದ್ಧದ ನಂತರ ಅರ್ಜಿಗಳು ಹೆಚ್ಚಿದಾಗ, 1946ರಲ್ಲಿ ಸಂಶೋಧನಾ ಅನುದಾನ ವಿಭಾಗವನ್ನು ತೆರೆಯಲಾಯಿತು. ಇದೇ ಮುಂದೆ ವೈಜ್ಞಾನಿಕ ಪರಿಶೀಲನಾ ಕೇಂದ್ರ ಎಂಬ ಹೆಸರು ಪಡೆಯಿತು. ವಿಷಯವಾರು ರಚಿತವಾದ ಅದರ ಸಮಿತಿಗಳನ್ನು 'ಸ್ಟಡಿ ಸೆಕ್ಷನ್' ಎಂದು ಕರೆಯುತ್ತಾರೆ.

ಮಕ್ಕಳ ವಿಷಯದಲ್ಲಿ ವಿಶೇಷ ನಿಯಮಗಳು ಬರಲು ಎರಡು ವಿರುದ್ಧ ಬಗೆಯ ಅನುಭವಗಳು ಕಾರಣವಾದವು. 1950ರ ದಶಕದಲ್ಲಿ ಅವಧಿಗೆ ಮುನ್ನ ಜನಿಸಿದ ಶಿಶುಗಳಿಗೆ ಸೋಂಕು ತಗಲದಿರಲೆಂದು ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕವನ್ನು ಕೊಡುತ್ತಿದ್ದರು. ನವಜಾತ ಶಿಶುವಿನ ಯಕೃತ್ತು ಈ ಔಷಧವನ್ನು ವಯಸ್ಕರಂತೆ ವಿಸರ್ಜನೆಗೆ ಸಿದ್ಧಗೊಳಿಸಲಾರದು. ಅದು ರಕ್ತದಲ್ಲಿ ಸಂಗ್ರಹವಾಗಿ, ಮೈ ಬೂದುಬಣ್ಣಕ್ಕೆ ತಿರುಗಿ ಶಿಶುಗಳು ಸಾಯುತ್ತಿದ್ದವು. 1959ರಲ್ಲಿ ಪ್ರಕಟವಾದ ತುಲನಾತ್ಮಕ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿತು. ಅಧ್ಯಯನ ಮಾಡದಿರುವುದೇ ಅಪಾಯಕರವಾಗಬಲ್ಲದು ಎಂಬುದಕ್ಕೆ ಈ ಪ್ರಕರಣವನ್ನು ಈಗಲೂ ಉದಾಹರಿಸುತ್ತಾರೆ. ಔಷಧ ಪರೀಕ್ಷೆಗಳಿಂದ ಹೊರಗುಳಿದ ಮಕ್ಕಳನ್ನು ವೈದ್ಯ ಹ್ಯಾರಿ ಶರ್ಕಿ 1960ರ ದಶಕದಲ್ಲಿ 'ಚಿಕಿತ್ಸೆಯ ಅನಾಥರು' ಎಂದು ಕರೆದರು.

ಇನ್ನೊಂದು ಅನುಭವ ಇದಕ್ಕೆ ತದ್ವಿರುದ್ಧವಾದುದು. ನ್ಯೂಯಾರ್ಕ್‌ನ ವಿಲೋಬ್ರೂಕ್ ಶಾಲೆಯಲ್ಲಿ 1950ರ ದಶಕದ ಮಧ್ಯಭಾಗದಿಂದ ಬೌದ್ಧಿಕ ಅಂಗವೈಕಲ್ಯವಿದ್ದ ಮಕ್ಕಳಿಗೆ ಹೆಪಟೈಟಿಸ್ ಸೋಂಕನ್ನು ಉದ್ದೇಶಪೂರ್ವಕವಾಗಿ ತಗುಲಿಸಿ ಅಧ್ಯಯನ ಮಾಡಲಾಗಿತ್ತು. ಹೆನ್ರಿ ಬೀಚರ್ 1966ರಲ್ಲಿ ಬರೆದ ಲೇಖನದಿಂದ ಇಂತಹ ಪ್ರಯೋಗಗಳು ವ್ಯಾಪಕ ಚರ್ಚೆಗೆ ಬಂದವು. 1974ರ ಕಾಯ್ದೆಯಡಿ ರಚಿತವಾದ ರಾಷ್ಟ್ರೀಯ ಆಯೋಗ 1977ರಲ್ಲಿ ಮಕ್ಕಳನ್ನು ಒಳಗೊಂಡ ಸಂಶೋಧನೆ ಕುರಿತು ವರದಿ ನೀಡಿತು. ಅದರ ಆಧಾರದ ಮೇಲೆ 1983ರಲ್ಲಿ ಕೇಂದ್ರೀಯ ನಿಯಮಾವಳಿಗೆ ಮಕ್ಕಳ ಹೆಚ್ಚುವರಿ ರಕ್ಷಣೆಯ ಉಪಭಾಗ 'ಡಿ' ಸೇರಿತು.

ಸಮಿತಿಯ ರಚನೆ

ಪ್ರತಿ ಸಮಿತಿಯ ಹೊಣೆ ಎನ್‌ಐಎಚ್‌ನ ನೌಕರರಾದ ವೈಜ್ಞಾನಿಕ ಪರಿಶೀಲನಾ ಅಧಿಕಾರಿಯದು. ಸದಸ್ಯರನ್ನು ಆರಿಸುವುದು, ಯಾವ ಅರ್ಜಿ ಯಾರಿಗೆ ಎಂದು ಹಂಚುವುದು, ನಿಯಮ ಪಾಲನೆಯನ್ನು ನೋಡಿಕೊಳ್ಳುವುದು ಇವರ ಕೆಲಸ. ಅಧಿಕಾರಿಗೆ ಅಂಕ ನೀಡುವ ಹಕ್ಕಿಲ್ಲ. ಸದಸ್ಯರು ಬಹುತೇಕ ವಿಶ್ವವಿದ್ಯಾಲಯಗಳು ಹಾಗೂ ಆಸ್ಪತ್ರೆಗಳ ಸಂಶೋಧಕರು. ಸರ್ಕಾರಿ ನೌಕರರ ಪಾಲು ನಾಲ್ಕನೇ ಒಂದಕ್ಕಿಂತ ಹೆಚ್ಚಾಗುವಂತಿಲ್ಲ. ಸಮಿತಿ ಸಾಮಾನ್ಯವಾಗಿ ವರ್ಷಕ್ಕೆ ಮೂರು ಬಾರಿ ಸೇರುತ್ತದೆ.

ಮಕ್ಕಳ ಸಂಶೋಧನೆಯಲ್ಲಿ ಸದಸ್ಯರ ಆಯ್ಕೆಯೇ ಫಲಿತಾಂಶವನ್ನು ಬಹಳಷ್ಟು ನಿರ್ಧರಿಸುತ್ತದೆ. ಮೂತ್ರಪಿಂಡದ ಕಾಯಿಲೆ ಕುರಿತ ಅರ್ಜಿ ಮಕ್ಕಳಿಗೆ ಸಂಬಂಧಿಸಿದ್ದಾದರೂ ಮೂತ್ರಪಿಂಡ ತಜ್ಞರ ಸಮಿತಿಗೇ ಹೋಗಬಹುದು. ಅಲ್ಲಿ ಹೆಚ್ಚಿನವರು ವಯಸ್ಕರ ಚಿಕಿತ್ಸೆಯಲ್ಲಿ ಪಳಗಿದವರಾಗಿರಬಹುದು. ಒಂದು ಕಿಲೋ ತೂಕದ ಶಿಶುವಿನ ದೇಹದಲ್ಲಿರುವ ಒಟ್ಟು ರಕ್ತ ಸುಮಾರು 80ರಿಂದ 100 ಮಿಲಿಲೀಟರ್. ವಯಸ್ಕರಲ್ಲಿ ಲೆಕ್ಕಕ್ಕೇ ಬಾರದ 5 ಮಿಲಿಲೀಟರ್ ಮಾದರಿ ಇಲ್ಲಿ ದೊಡ್ಡ ಪ್ರಮಾಣವಾಗುತ್ತದೆ. ಮಾತ್ರೆ ನುಂಗಲಾರದ ವಯಸ್ಸು, ತೂಕಕ್ಕೆ ತಕ್ಕ ಔಷಧ ಪ್ರಮಾಣ, ಬೆಳವಣಿಗೆಯ ಮೇಲಿನ ಪರಿಣಾಮ ತಿಳಿಯಲು ವರ್ಷಗಟ್ಟಲೆ ಮಾಡಬೇಕಾದ ಅನುಸರಣೆ, ವಿರಳ ಕಾಯಿಲೆಗಳಲ್ಲಿ ಸಾಕಷ್ಟು ರೋಗಿಗಳು ಒಂದೇ ಆಸ್ಪತ್ರೆಯಲ್ಲಿ ಸಿಗದಿರುವುದು, ಇವೆಲ್ಲ ಅನುಭವಸ್ಥರಿಗೆ ತಕ್ಷಣ ಕಾಣುವ ಸಂಗತಿಗಳು. ಸಮಿತಿಯಲ್ಲಿ ಅಂತಹವರಿಲ್ಲದಿದ್ದರೆ ಒಳ್ಳೆಯ ಯೋಜನೆಯನ್ನು 'ಮಾದರಿ ಸಂಖ್ಯೆ ಸಣ್ಣದು' ಎಂದು ತಳ್ಳಿಹಾಕುವ, ಇಲ್ಲವೇ ಕಾರ್ಯಸಾಧ್ಯವಲ್ಲದ ಯೋಜನೆಯನ್ನು ಮೆಚ್ಚುವ ಸಾಧ್ಯತೆ ಇರುತ್ತದೆ. ಇಂತಹ ಕೊರತೆಯನ್ನು ತುಂಬಲು ಅಧಿಕಾರಿಯು ಒಂದು ಸಭೆಯ ಮಟ್ಟಿಗೆ ತಾತ್ಕಾಲಿಕ ಸದಸ್ಯರನ್ನು ಕರೆಸಬಹುದು.

ಅರ್ಜಿದಾರರ ಸಂಸ್ಥೆಯಲ್ಲೇ ಕೆಲಸ ಮಾಡುವವರು, ಅವರೊಡನೆ ಇತ್ತೀಚೆಗೆ ಜಂಟಿ ಸಂಶೋಧನೆ ನಡೆಸಿದವರು ಮುಂತಾದವರು ಆ ಅರ್ಜಿಯ ಚರ್ಚೆಯ ವೇಳೆ ಹೊರಗೆ ಹೋಗಬೇಕು. ಮಕ್ಕಳ ಕಾಯಿಲೆಗಳ ಕೆಲವು ಉಪಕ್ಷೇತ್ರಗಳು ತೀರಾ ಚಿಕ್ಕವು; ತಜ್ಞರೆಲ್ಲ ಒಂದೇ ಸಂಶೋಧನಾ ಜಾಲದಲ್ಲಿರುವುದುಂಟು. ಅಂಥಲ್ಲಿ ಹಿತಾಸಕ್ತಿ ಸಂಘರ್ಷವಿಲ್ಲದ ಪರಿಶೀಲಕರನ್ನು ಹುಡುಕುವುದೇ ಕಷ್ಟ. ಅರ್ಜಿಯ ವಿಷಯ ಗೋಪ್ಯವಾಗಿರಬೇಕಾದುದರಿಂದ, ಪರಿಶೀಲಕರು ಅದನ್ನು ಜನರೇಟಿವ್ ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ಒಪ್ಪಿಸಿ ಟಿಪ್ಪಣಿ ಬರೆಯುವುದನ್ನು 2023ರಲ್ಲಿ ನಿಷೇಧಿಸಲಾಗಿದೆ.

ಅಂಕ ನೀಡಿಕೆ

ಸಭೆಗೆ ವಾರಗಳ ಮೊದಲೇ ಪ್ರತಿ ಅರ್ಜಿಯನ್ನು ಸಾಮಾನ್ಯವಾಗಿ ಮೂವರು ಪರಿಶೀಲಕರಿಗೆ ವಹಿಸಲಾಗುತ್ತದೆ. ಅವರು ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯದಂತೆ ಲಿಖಿತ ವಿಮರ್ಶೆ ಹಾಗೂ ಆರಂಭಿಕ ಅಂಕ ಸಲ್ಲಿಸುತ್ತಾರೆ. ಅಂಕ 1ರಿಂದ 9ರವರೆಗೆ ಇರುತ್ತದೆ; 1 ಅತ್ಯುತ್ತಮ, 9 ಅತ್ಯಂತ ದುರ್ಬಲ. ಹೆಚ್ಚು ಅಂಕ ಒಳ್ಳೆಯದೆಂಬ ರೂಢಿಗೆ ಇದು ವಿರುದ್ಧವಾಗಿದೆ ಎಂಬುದನ್ನು ಓದುಗರು ಗಮನಿಸಬೇಕು.

ಬಹುಕಾಲ ಮಹತ್ವ, ಸಂಶೋಧಕರು, ಹೊಸತನ, ವಿಧಾನ, ಪರಿಸರ ಎಂಬ ಐದು ಮಾನದಂಡಗಳಿಗೆ ಪ್ರತ್ಯೇಕ ಅಂಕಗಳಿದ್ದವು. 2025ರ ಜನವರಿ 25ರಿಂದ ಸಲ್ಲಿಕೆಯಾಗುವ ಬಹುತೇಕ ಸಂಶೋಧನಾ ಯೋಜನೆಗಳಿಗೆ ಇವನ್ನು ಮೂರಕ್ಕೆ ಇಳಿಸಲಾಗಿದೆ: ಸಂಶೋಧನೆಯ ಮಹತ್ವ, ನಿಖರತೆ ಮತ್ತು ಕಾರ್ಯಸಾಧ್ಯತೆ, ಪರಿಣತಿ ಮತ್ತು ಸಂಪನ್ಮೂಲ. ಮೊದಲೆರಡಕ್ಕೆ ಮಾತ್ರ ಅಂಕವಿದೆ. ಮೂರನೆಯದು ಸಾಕಷ್ಟಿದೆಯೇ ಇಲ್ಲವೇ ಎಂದಷ್ಟೇ ಹೇಳಬೇಕು. ಪ್ರಸಿದ್ಧ ಸಂಸ್ಥೆಯ ಅಥವಾ ಹೆಸರಾಂತ ಸಂಶೋಧಕರ ಪ್ರಭಾವವು ಅಂಕದ ಮೇಲೆ ಬೀಳದಿರಲಿ ಎಂಬುದು ಈ ಬದಲಾವಣೆಯ ಒಂದು ಉದ್ದೇಶ.

ಆರಂಭಿಕ ಅಂಕಗಳಲ್ಲಿ ಹಿಂದುಳಿದ ಅರ್ಜಿಗಳು, ಸರಿಸುಮಾರು ಅರ್ಧದಷ್ಟು, ಸಭೆಯಲ್ಲಿ ಚರ್ಚೆಗೇ ಬರುವುದಿಲ್ಲ. ಆದರೂ ಅವುಗಳ ಲಿಖಿತ ವಿಮರ್ಶೆ ಅರ್ಜಿದಾರರಿಗೆ ತಲುಪುತ್ತದೆ. ಉಳಿದ ಪ್ರತಿ ಅರ್ಜಿಯ ಚರ್ಚೆ ಹೆಚ್ಚೆಂದರೆ ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮೂವರು ಪರಿಶೀಲಕರು ಅಭಿಪ್ರಾಯ ಹೇಳಿ, ಇತರರು ಪ್ರಶ್ನೆ ಕೇಳಿದ ಬಳಿಕ, ಸಂಘರ್ಷವಿಲ್ಲದ ಎಲ್ಲ ಸದಸ್ಯರೂ ಗುಪ್ತವಾಗಿ ಅಂಕ ನೀಡುತ್ತಾರೆ. ಮೂವರ ಅಂಕಗಳ ವ್ಯಾಪ್ತಿಯಿಂದ ಹೊರಗೆ ಅಂಕ ನೀಡಬಯಸುವವರು ಅದನ್ನು ಸಭೆಗೆ ತಿಳಿಸಬೇಕು. ಸರಾಸರಿಯನ್ನು 10ರಿಂದ ಗುಣಿಸಿದಾಗ ಅಂತಿಮ ಅಂಕ ಬರುತ್ತದೆ, ಸರಾಸರಿ 2.4 ಇದ್ದರೆ ಅಂಕ 24. ಕೆಲವು ಸಮಿತಿಗಳು ಉದಾರಿಗಳು, ಕೆಲವು ಬಿಗಿಯಾದವು. ಆದುದರಿಂದ ಅನೇಕ ಬಗೆಯ ಅನುದಾನಗಳಲ್ಲಿ ಅದೇ ಸಮಿತಿಯ ಹಿಂದಿನ ಎರಡು ಸುತ್ತುಗಳನ್ನೂ ಸೇರಿಸಿ ಪರ್ಸೆಂಟೈಲ್ ಲೆಕ್ಕ ಹಾಕಲಾಗುತ್ತದೆ.

ಮಕ್ಕಳ ರಕ್ಷಣೆಯ ಪರಿಶೀಲನೆ

ಅರ್ಜಿಯಲ್ಲಿ ಮಾನವ ಭಾಗಿಗಳಿದ್ದರೆ ಅವರ ರಕ್ಷಣೆಯ ಯೋಜನೆ ಸ್ವೀಕಾರಾರ್ಹವೇ ಎಂದು ಸಮಿತಿ ಹೇಳಬೇಕು. ಅಲ್ಲವೆಂದಾದರೆ, ವೈಜ್ಞಾನಿಕ ಅಂಕ ಎಷ್ಟೇ ಚೆನ್ನಾಗಿದ್ದರೂ ಆಕ್ಷೇಪ ಪರಿಹಾರವಾಗುವವರೆಗೆ ಹಣ ಬಿಡುಗಡೆಯಾಗುವುದಿಲ್ಲ.

ಉಪಭಾಗ 'ಡಿ' ಸಂಶೋಧನೆಯನ್ನು ಅಪಾಯದ ಮಟ್ಟಕ್ಕೆ ಅನುಗುಣವಾಗಿ ನಾಲ್ಕು ವರ್ಗ ಮಾಡುತ್ತದೆ. ದಿನನಿತ್ಯದ ಬದುಕಿನ ಅಥವಾ ಸಾಮಾನ್ಯ ತಪಾಸಣೆಯ ಅಪಾಯವನ್ನು ಮೀರದ ಅಧ್ಯಯನಗಳು ಮೊದಲ ವರ್ಗ. ಅಪಾಯ ಅದಕ್ಕಿಂತ ಹೆಚ್ಚಿದ್ದು, ಭಾಗವಹಿಸುವ ಮಗುವಿಗೇ ನೇರ ಪ್ರಯೋಜನದ ನಿರೀಕ್ಷೆ ಇರುವುದು ಎರಡನೆಯದು. ಮೂರನೆಯ ವರ್ಗವೇ ಹೆಚ್ಚು ವಿವಾದಕ್ಕೆ ಎಡೆಮಾಡುವಂಥದ್ದು: ಮಗುವಿಗೆ ನೇರ ಪ್ರಯೋಜನವಿಲ್ಲ, ಅಪಾಯ ಕನಿಷ್ಠ ಮಟ್ಟಕ್ಕಿಂತ ತುಸು ಹೆಚ್ಚು, ಆದರೆ ಅದರ ಕಾಯಿಲೆಯ ಬಗ್ಗೆ ಮುಖ್ಯವಾದ ಜ್ಞಾನ ದೊರೆಯುವ ಸಾಧ್ಯತೆ ಇದೆ. ಇಲ್ಲಿ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರ ಅನುಮತಿಯೂ ಬೇಕು. ಈ ಮೂರರಲ್ಲಿ ಯಾವುದಕ್ಕೂ ಸೇರದ, ಆದರೆ ಮಕ್ಕಳ ಗಂಭೀರ ಸಮಸ್ಯೆಯೊಂದನ್ನು ಅರಿಯಲು ನೆರವಾಗಬಲ್ಲ ಅಧ್ಯಯನವನ್ನು ಆರೋಗ್ಯ ಇಲಾಖೆಯ ಕಾರ್ಯದರ್ಶಿಗೆ ಒಪ್ಪಿಸಬೇಕು. ಅವರು ಪ್ರತ್ಯೇಕ ತಜ್ಞರ ಸಲಹೆ ಪಡೆದು, ಸಾರ್ವಜನಿಕ ಅಭಿಪ್ರಾಯಕ್ಕೂ ಅವಕಾಶ ಕೊಟ್ಟು ತೀರ್ಮಾನಿಸುತ್ತಾರೆ.

ಪೋಷಕರ ಅನುಮತಿಯ ಜೊತೆಗೆ, ಅರಿಯಬಲ್ಲ ವಯಸ್ಸಿನ ಮಗುವಿನ ಸಮ್ಮತಿಯೂ ಅಗತ್ಯ. ಮಗು ಬೇಡವೆನ್ನಲಿಲ್ಲ ಎಂಬುದನ್ನೇ ಸಮ್ಮತಿಯೆಂದು ಪರಿಗಣಿಸುವಂತಿಲ್ಲ.

ಇದರ ಮತ್ತೊಂದು ಮುಖವೂ ಇದೆ. 1998ರಲ್ಲಿ ಜಾರಿಗೆ ಬಂದ ಎನ್‌ಐಎಚ್ ನೀತಿಯ ಪ್ರಕಾರ, ಮಾನವ ಸಂಶೋಧನೆಯಲ್ಲಿ ಮಕ್ಕಳನ್ನು ಕೈಬಿಡಬೇಕಾದರೆ ವೈಜ್ಞಾನಿಕ ಅಥವಾ ನೈತಿಕ ಕಾರಣ ಕೊಡಬೇಕು. 2019ರಿಂದ ಈ ನೀತಿಯು ವೃದ್ಧರನ್ನೂ ಸೇರಿಸಿ ಎಲ್ಲ ವಯೋಮಾನಕ್ಕೆ ವಿಸ್ತರಿಸಿದೆ. ಕೊಟ್ಟ ಕಾರಣ ಒಪ್ಪುವಂಥದ್ದೇ ಎಂಬುದನ್ನು ಸಮಿತಿಯೇ ಪರೀಕ್ಷಿಸುತ್ತದೆ.

ಸಮಿತಿಯ ಒಪ್ಪಿಗೆಯನ್ನು ನೈತಿಕ ಮಂಜೂರಾತಿಯೆಂದು ಭಾವಿಸುವುದು ಸಾಮಾನ್ಯ ತಪ್ಪು ಕಲ್ಪನೆ. ಒಪ್ಪಿಗೆ ಪತ್ರದ ಪ್ರತಿ ಸಾಲನ್ನು ಓದುವುದು ಪ್ರತ್ಯೇಕ ನೈತಿಕ ಸಮಿತಿಯ ಕೆಲಸ. ಅದರ ಮಂಜೂರಾತಿ ಎಷ್ಟೋ ಸಲ ಅಂಕ ಬಂದ ನಂತರ, ಹಣ ಬಿಡುಗಡೆಗೆ ಮುನ್ನ ದೊರೆಯುತ್ತದೆ.

ಸಪೋರ್ಟ್ ಪ್ರಯೋಗ

ಈ ಎರಡು ವ್ಯವಸ್ಥೆಗಳ ನಡುವಿನ ಅಂತರ ಎನ್‌ಐಎಚ್ ಹಣಸಹಾಯದ 'ಸಪೋರ್ಟ್' ಪ್ರಯೋಗದ ವಿವಾದದಲ್ಲಿ ಬಹಿರಂಗವಾಯಿತು. ಅವಧಿಪೂರ್ವ ಶಿಶುಗಳಿಗೆ ಆಮ್ಲಜನಕ ಹೆಚ್ಚಾದರೆ ಅಕ್ಷಿಪಟಲಕ್ಕೆ ಹಾನಿಯಾಗಿ ಕುರುಡುತನ ಬರಬಹುದೆಂದು 1950ರ ದಶಕದಿಂದಲೇ ಗೊತ್ತಿತ್ತು. ಕಡಿಮೆಯಾದರೆ ಪ್ರಾಣಕ್ಕೆ ಅಪಾಯ. ಸುರಕ್ಷಿತ ಮಟ್ಟ ಯಾವುದೆಂದು ತಿಳಿಯಲು 24ರಿಂದ 27 ವಾರಗಳಲ್ಲಿ ಜನಿಸಿದ 1,316 ಶಿಶುಗಳನ್ನು ಎರಡು ಗುಂಪು ಮಾಡಿ, ರಕ್ತದ ಆಮ್ಲಜನಕ ಪ್ರಮಾಣವನ್ನು ಒಂದರಲ್ಲಿ ಶೇ. 85–89, ಇನ್ನೊಂದರಲ್ಲಿ ಶೇ. 91–95ರ ಗುರಿಯಲ್ಲಿ ಇಡಲಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಡಿಮೆ ಆಮ್ಲಜನಕದ ಗುಂಪಿನಲ್ಲಿ ಬದುಕುಳಿದವರ ತೀವ್ರ ಅಕ್ಷಿಪಟಲ ಕಾಯಿಲೆ ಶೇ. 8.6 ಇತ್ತು, ಇನ್ನೊಂದರಲ್ಲಿ ಶೇ. 17.9. ಆದರೆ ಮರಣ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 19.9, ಎರಡನೆಯದರಲ್ಲಿ ಶೇ. 16.2 ಆಗಿತ್ತು.

2013ರಲ್ಲಿ ಮಾನವ ಸಂಶೋಧನಾ ರಕ್ಷಣಾ ಕಚೇರಿಯು, ಕುರುಡುತನ ಹಾಗೂ ಮರಣದ ಅಪಾಯವನ್ನು ಒಪ್ಪಿಗೆ ಪತ್ರಗಳು ಪೋಷಕರಿಗೆ ಸಾಕಷ್ಟು ತಿಳಿಸಿರಲಿಲ್ಲವೆಂದು ಹೇಳಿತು. ಎರಡೂ ಮಟ್ಟಗಳು ಆಗ ಚಾಲ್ತಿಯಲ್ಲಿದ್ದ ಚಿಕಿತ್ಸೆಯ ಮಿತಿಯೊಳಗೇ ಇದ್ದವು ಎಂದು ಎನ್‌ಐಎಚ್‌ನ ಮುಖ್ಯಸ್ಥರೂ ಅನೇಕ ನೈತಿಕ ತಜ್ಞರೂ ಪ್ರಯೋಗವನ್ನು ಸಮರ್ಥಿಸಿದರು. ವೈಜ್ಞಾನಿಕವಾಗಿ ಪ್ರಶ್ನೆ ಅಗತ್ಯವಾದುದೆಂಬ ಬಗ್ಗೆ ಹೆಚ್ಚು ಭಿನ್ನಾಭಿಪ್ರಾಯವಿರಲಿಲ್ಲ. ತಂದೆ ತಾಯಿಗೆ ಅದನ್ನು ಹೇಗೆ ವಿವರಿಸಲಾಯಿತು ಎಂಬುದೇ ವಾದದ ಕೇಂದ್ರವಾಗಿತ್ತು.

ಎರಡನೇ ಹಂತ

ಅಂಕ ಪಡೆದ ಅರ್ಜಿ ಸಂಬಂಧಿತ ಸಂಸ್ಥೆಯ ರಾಷ್ಟ್ರೀಯ ಸಲಹಾ ಮಂಡಳಿಗೆ ಹೋಗುತ್ತದೆ. ಇಲ್ಲಿ ವಿಜ್ಞಾನಿಗಳ ಜೊತೆ ಸುಮಾರು ಮೂರನೇ ಒಂದರಷ್ಟು ಸಾರ್ವಜನಿಕ ಪ್ರತಿನಿಧಿಗಳಿರುತ್ತಾರೆ. ಮಂಡಳಿ ಅಂಕವನ್ನು ಬದಲಿಸಲಾರದು. ಸಂಸ್ಥೆಯ ಆದ್ಯತೆಗಳನ್ನು ನೋಡಿ ಶಿಫಾರಸು ಮಾಡುತ್ತದೆ. ಕೊನೆಯ ನಿರ್ಧಾರ ಸಂಸ್ಥೆಯ ನಿರ್ದೇಶಕರದು. ಹಣ ಸಿಗದವರು ವಿಮರ್ಶೆಗೆ ಉತ್ತರ ಬರೆದು ಅರ್ಜಿಯನ್ನು 37 ತಿಂಗಳೊಳಗೆ ಒಮ್ಮೆ ಪುನಃ ಸಲ್ಲಿಸಬಹುದು.

ಟೀಕೆಗಳು

2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈಗಾಗಲೇ ಹಣ ಪಡೆದಿದ್ದ 25 ಕ್ಯಾನ್ಸರ್ ಸಂಶೋಧನಾ ಅರ್ಜಿಗಳನ್ನು 43 ಪರಿಶೀಲಕರಿಗೆ ಅಣಕು ಸಮಿತಿಗಳಲ್ಲಿ ಮತ್ತೆ ನೀಡಿದಾಗ, ಒಂದೇ ಅರ್ಜಿಯ ಬಗ್ಗೆ ಅವರ ಅಂಕಗಳಲ್ಲಿ ಹೊಂದಾಣಿಕೆಯೇ ಕಾಣಲಿಲ್ಲ. ಅದೇ ತಂಡದ ಹಿಂದಿನ ಅಧ್ಯಯನದಂತೆ, ಚರ್ಚೆಯಿಂದ ಒಂದು ಸಮಿತಿಯೊಳಗಿನ ಸದಸ್ಯರು ಪರಸ್ಪರ ಹತ್ತಿರವಾಗುತ್ತಾರೆ, ಆದರೆ ಬೇರೆ ಬೇರೆ ಸಮಿತಿಗಳ ನಡುವಿನ ಅಂತರ ಹಿಗ್ಗುತ್ತದೆ. ಸಾವಿರಾರು ಅನುದಾನಗಳನ್ನು ಪರಿಶೀಲಿಸಿದ 2015ರ ವಿಶ್ಲೇಷಣೆ ಮಾತ್ರ, ಉತ್ತಮ ಅಂಕ ಪಡೆದವು ಸರಾಸರಿಯಲ್ಲಿ ಹೆಚ್ಚು ಪ್ರಭಾವಿ ಪ್ರಕಟಣೆಗಳನ್ನು ನೀಡಿವೆ ಎಂದಿತು. ತೀರಾ ದುರ್ಬಲವಾದುದನ್ನು ಬೇರ್ಪಡಿಸಲು ಸಮಿತಿ ಸಮರ್ಥ, ಉತ್ತಮವಾದವುಗಳಲ್ಲಿ ಯಾವುದು ಮೇಲು ಎಂದು ಹೇಳುವುದು ಅದಕ್ಕೂ ಕಷ್ಟ ಎಂಬುದು ಈ ಫಲಿತಾಂಶಗಳನ್ನು ಒಟ್ಟಿಗೆ ಓದಿದಾಗ ಹೆಚ್ಚು ಒಪ್ಪುವ ವ್ಯಾಖ್ಯಾನ.

2011ರಲ್ಲಿ 'ಸೈನ್ಸ್' ಪತ್ರಿಕೆಯ ಅಧ್ಯಯನವು ಇತರ ಅಂಶಗಳನ್ನು ಗಣನೆಗೆ ತೆಗೆದುಕೊಂಡ ನಂತರವೂ, ಬಿಳಿಯ ಅರ್ಜಿದಾರರಿಗೆ ಹೋಲಿಸಿದರೆ ಕಪ್ಪು ಅರ್ಜಿದಾರರಿಗೆ ಅನುದಾನ ಸಿಗುವ ಸಾಧ್ಯತೆ 10 ಶೇಕಡಾಂಶ ಕಡಿಮೆಯೆಂದು ತೋರಿಸಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಮಕ್ಕಳನ್ನು ಒಳಗೊಂಡ ಸಂಶೋಧನೆಗೆ ಪ್ರತ್ಯೇಕ ನೈತಿಕ ಮಾರ್ಗಸೂಚಿ ಹೊರಡಿಸಿತು. ಇದರಂತೆ 7ರಿಂದ 12 ವರ್ಷದ ಮಕ್ಕಳಿಂದ ಮೌಖಿಕ, 12ರಿಂದ 18 ವರ್ಷದವರಿಂದ ಲಿಖಿತ ಸಮ್ಮತಿ ಪಡೆಯಬೇಕು. ಮಾಹಿತಿ ಪತ್ರವು ಭಾಗಿಗಳಿಗೆ ತಿಳಿಯುವ ಭಾಷೆಯಲ್ಲಿರಬೇಕು.

ಎನ್‌ಐಸಿಎಚ್‌ಡಿ ನೆರವಿನ ಮಹಿಳೆ ಮತ್ತು ಮಕ್ಕಳ ಆರೋಗ್ಯ ಸಂಶೋಧನೆಯ ಜಾಗತಿಕ ಜಾಲದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಸಂಶೋಧನಾ ಕೇಂದ್ರವಾಗಿದೆ. ಈ ಜಾಲವು ಆರು ದೇಶಗಳಲ್ಲಿ 11,976 ಗರ್ಭಿಣಿಯರೊಡನೆ ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಚೊಚ್ಚಲ ಬಸುರಿಯರಿಗೆ ಗರ್ಭಧಾರಣೆಯ ಆರಂಭದಿಂದ ದಿನವೂ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟಾಗ ಅವಧಿಪೂರ್ವ ಹೆರಿಗೆ ಶೇ. 13.1ರಿಂದ ಶೇ. 11.6ಕ್ಕೆ ಇಳಿದುದನ್ನು ಅದು ದಾಖಲಿಸಿದೆ.