ಎಡ್ವರ್ಡ್ ಲಾಸ್ಕರ್–ಜಾರ್ಜ್ ಥಾಮಸ್ ಪಂದ್ಯ (1912)

ಎಡ್ವರ್ಡ್ ಲಾಸ್ಕರ್–ಜಾರ್ಜ್ ಥಾಮಸ್ ಪಂದ್ಯವು 1912ರಲ್ಲಿ ಸಿಟಿ ಆಫ್ ಲಂಡನ್ ಚೆಸ್ ಕ್ಲಬ್‌ನಲ್ಲಿ ನಡೆದ ಒಂದು ಚದುರಂಗದಾಟ. ಇದು ಪಂದ್ಯಾವಳಿಯ ಆಟವಲ್ಲ, ಸ್ನೇಹಪೂರ್ವಕವಾಗಿ ಆಡಿದ್ದು. ಆದರೂ ಎದುರಾಳಿಯ ರಾಜನನ್ನು ಹಲಗೆಯುದ್ದಕ್ಕೂ ಬೆನ್ನಟ್ಟಿ ಕಟ್ಟಿಹಾಕುವ 'ರಾಜನ ಬೇಟೆ'ಗೆ ಇದು ಪ್ರಸಿದ್ಧ ಉದಾಹರಣೆಯಾಗಿದೆ.

ಆಟಗಾರರು

ಬಿಳಿಯ ಕಾಯಿಗಳೊಂದಿಗೆ ಆಡಿದ ಲಾಸ್ಕರ್ (1885–1981) ಜರ್ಮನಿಯಲ್ಲಿ ಹುಟ್ಟಿದ ಎಂಜಿನಿಯರ್. ಮುಂದೆ ಅಮೆರಿಕದಲ್ಲಿ ನೆಲೆಸಿದರು. ಥಾಮಸ್ 1923 ಮತ್ತು 1934ರಲ್ಲಿ ಬ್ರಿಟಿಷ್ ಚೆಸ್ ಚಾಂಪಿಯನ್ ಆದರು. ಅವರು ಬ್ಯಾಡ್ಮಿಂಟನ್ ಆಟಗಾರರೂ ಆಗಿದ್ದರು. ಭಾರತದ ಪುರುಷರ ತಂಡವು 2022ರಲ್ಲಿ ಗೆದ್ದ ಥಾಮಸ್ ಕಪ್‌ಗೆ ಇವರದೇ ಹೆಸರಿದೆ.

ಆಟದ ಗತಿ

ಥಾಮಸ್ ಡಚ್ ಡಿಫೆನ್ಸ್ ಆಯ್ದುಕೊಂಡರು. 10ನೆಯ ನಡೆಯಲ್ಲಿ ಲಾಸ್ಕರ್ ರಾಣಿಯನ್ನು ಎಚ್5 ಮನೆಗೆ ತಂದು ಎಚ್7ರ ಮೇಲೆ ಒತ್ತಡ ಹೇರಿದರು. ಥಾಮಸ್ ತಮ್ಮ ರಾಣಿಯನ್ನು ಇ7ಕ್ಕೆ ಸರಿಸಿದರು. ಎಫ್6ರಲ್ಲಿ ಕಾಯಿಗಳ ವಿನಿಮಯವಾಗಿ ಜಿ7ರ ಕಾಲಾಳು ಸರಿದರೆ, ಅದೇ ಸಾಲಿನಲ್ಲಿರುವ ರಾಣಿ ಎಚ್7ನ್ನು ಕಾಯಬಲ್ಲದು ಎಂಬುದು ಈ ನಡೆಯ ತರ್ಕ.

ಲಾಸ್ಕರ್ ಆ ವಿನಿಮಯಕ್ಕೆ ಮೊದಲೇ ರಾಣಿಯಿಂದ ಎಚ್7ರ ಕಾಲಾಳನ್ನು ಹೊಡೆದರು. ಕಪ್ಪು ರಾಜ ರಾಣಿಯನ್ನು ಹೊಡೆಯಬೇಕಾಯಿತು. ಬಳಿಕ ಕುದುರೆ ಎಫ್6ರ ಒಂಟೆಯನ್ನು ಹೊಡೆದಾಗ ಕುದುರೆ ಮತ್ತು ಡಿ3ರ ಒಂಟೆ ಏಕಕಾಲದಲ್ಲಿ ಚೆಕ್ ನೀಡಿದವು. ರಾಜ ಎಚ್8ಕ್ಕೆ ಹಿಂದಿರುಗಿದ್ದರೆ ಇನ್ನೊಂದು ಕುದುರೆ ಜಿ6ಕ್ಕೆ ಬಂದು ಚೆಕ್‌ಮೇಟ್ ಆಗುತ್ತಿತ್ತು. ಹೀಗಾಗಿ ರಾಜ ಮುಂದಕ್ಕೆ ಓಡಬೇಕಾಯಿತು: ಎಚ್6, ಜಿ5, ಎಫ್4, ಎಫ್3, ಜಿ2, ಕೊನೆಗೆ ಬಿಳಿಯ ಮೊದಲ ಸಾಲಿನ ಜಿ1. 18ನೆಯ ನಡೆಯಲ್ಲಿ ಲಾಸ್ಕರ್ ತಮ್ಮ ರಾಜನನ್ನು ಡಿ2ಕ್ಕೆ ಸರಿಸಿದಾಗ ಎ1ರ ಆನೆಯ ದಾರಿ ತೆರೆದು ಚೆಕ್‌ಮೇಟ್ ಆಯಿತು. ರಾಣಿಯ ಬದಿಗೆ ಕ್ಯಾಸ್ಲಿಂಗ್ ಮಾಡಿದ್ದರೂ ಫಲಿತಾಂಶ ಇದೇ ಆಗುತ್ತಿತ್ತು.

ವಿಶ್ಲೇಷಣೆ

ರಾಣಿಯ ಬಲಿಯಿಂದ ಕೊನೆಯವರೆಗೆ ಬಿಳಿಯ ಎಂಟು ನಡೆಗಳೂ ಚೆಕ್‌ಗಳೇ. ಆದ್ದರಿಂದ ಕಪ್ಪಿನ ಬಳಿ ಹೆಚ್ಚು ಬಲವಿದ್ದರೂ ಅದನ್ನು ಬಳಸಲು ಬಿಡುವೇ ಸಿಗಲಿಲ್ಲ. ಆದರೆ ಇದು ಅತಿ ಹತ್ತಿರದ ದಾರಿಯಾಗಿರಲಿಲ್ಲ. 14ನೆಯ ನಡೆಯಲ್ಲಿ ಎಚ್ ಕಾಲಾಳಿನ ಬದಲು ಎಫ್ ಕಾಲಾಳನ್ನು ಎರಡು ಮನೆ ಮುಂದೂಡಿದ್ದರೆ ಒಂದು ನಡೆ ಮೊದಲೇ ಆಟ ಮುಗಿಸಬಹುದಿತ್ತು. ಸೋತ ಥಾಮಸ್ ಆಟವನ್ನು ಮೆಚ್ಚಿ ಮಾತನಾಡಿದರೆಂದು ಲಾಸ್ಕರ್ ನೆನಪಿಸಿಕೊಂಡಿದ್ದಾರೆ.